ಅಂಗಳದ ರೈಲಿಗೆ ಎಷ್ಟು ಕರೆಂಟು ಬೇಕು?



ಶ್ರಾವಣ ಮುಗಿಯುತ್ತ ಬಂದಂತೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಮ್ಮ ಮನೆಗಳಲ್ಲಿ ಗಣಪತಿಯ ಮುಂದಿನ ದೇಖಾವೆಯ ಮಾತು ಶುರುವಾಗುತ್ತದೆ. ಕೆಲವರು ಗುಡ್ಡ, ಸೇತುವೆ ಮಾಡಿ ಆಟಿಕೆ ರೈಲು ಓಡಿಸುತ್ತಾರೆ. ಹಿತ್ತಲು ಇರುವವರು ಗಿಡಗಳ ನಡುವೆ ಹಳಿ ಹಾಸಿ ದೊಡ್ಡ ಅಳತೆಯ ರೈಲನ್ನೇ ಬಿಡುತ್ತಾರೆ. ಇಂಥ ಸದಸ್ಯರಿಂದ ನಮಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ರೈಲೂ 12 ವೋಲ್ಟಿನದು, ಅಡಾಪ್ಟರೂ 12 ವೋಲ್ಟಿನದು. ಆದರೂ ಹತ್ತು ನಿಮಿಷ ಓಡಿ ನಿಂತುಬಿಡುತ್ತದೆ, ಯಾಕೆ?" ಎಲ್ಲರಿಗೂ ಒಟ್ಟಿಗೆ ಉತ್ತರ ಸಿಗಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ. ಇದರಲ್ಲಿ ಮಕ್ಕಳ ಜೀವಕ್ಕೆ ಸಂಬಂಧಿಸಿದ ಮಾತೂ ಇರುವುದರಿಂದ ದಯವಿಟ್ಟು ಕೊನೆಯವರೆಗೆ ಓದಬೇಕು.

ಮೊದಲು ರೈಲಿನ ಅಳತೆ. ಹಿತ್ತಲಿನ ರೈಲಿನ ಎರಡು ಹಳಿಗಳ ನಡುವಿನ ಅಂತರ ಸಾಮಾನ್ಯವಾಗಿ 45 ಮಿಲಿಮೀಟರ್. ಜರ್ಮನಿಯ ನ್ಯೂರೆಂಬರ್ಗಿನ ಲೇಹಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಎಂಬ ಹೆಸರಿನಲ್ಲಿ ಇಂಥ ರೈಲುಗಳನ್ನು ತಂದ ಮೇಲೆ ಈ ಹವ್ಯಾಸ ಬೆಳೆಯಿತು. ಆ ರೈಲುಗಳ ಪ್ರಮಾಣ 1ಕ್ಕೆ 22.5. ಅಂದರೆ ಒಂದು ಮೀಟರನ್ನು 22.5ರಿಂದ ಭಾಗಿಸಿದರೆ ಸುಮಾರು 44.4 ಮಿ.ಮೀ. ಬ್ರಾಡ್‌ಗೇಜ್ ಆಗುವ ಮೊದಲು ನಮ್ಮ ಮೀರಜ–ಕೊಲ್ಹಾಪುರ ಮಾರ್ಗವೂ ಮೀಟರ್‌ಗೇಜ್ ಆಗಿತ್ತು. 1891ರಲ್ಲಿ ಕೊಲ್ಹಾಪುರಕ್ಕೆ ಬಂದ ಆ ಗಾಡಿಯಲ್ಲಿ ಓಡಾಡಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಇಚಲಕರಂಜಿಯವರಿಗೆ ರೈಲೆಂದರೆ ಹಾತಕಣಂಗಲೆ ಸ್ಟೇಶನ್; ಗಡಹಿಂಗ್ಲಜಕ್ಕಂತೂ ರೈಲೇ ಇಲ್ಲ. ಆದ್ದರಿಂದ ಅಂಗಳದಲ್ಲಿ ಓಡುವ ರೈಲೆಂದರೆ ಮಕ್ಕಳಿಗಷ್ಟೇ ಅಲ್ಲ, ಅಜ್ಜಂದಿರಿಗೂ ಸಂಭ್ರಮ.

ಈಗ ವೋಲ್ಟು ಮತ್ತು ಆಂಪಿಯರ್. ಹೊಲಕ್ಕೆ ನೀರು ಹಾಯಿಸುವವರಿಗೆ ಇದು ಬೇಗ ತಿಳಿಯುತ್ತದೆ. ವೋಲ್ಟು ಎಂದರೆ ಪೈಪಿನಲ್ಲಿರುವ ಒತ್ತಡ, ಆಂಪಿಯರ್ ಎಂದರೆ ಹರಿಯುವ ನೀರಿನ ಪ್ರಮಾಣ. ಎರಡನ್ನೂ ಗುಣಿಸಿದರೆ ವ್ಯಾಟ್. ವೋಲ್ಟು ಸರಿಯಿದ್ದು ಆಂಪಿಯರ್ ಸಾಲದಿದ್ದರೆ ಅಡಾಪ್ಟರ್ ತನ್ನ ಶಕ್ತಿ ಮೀರಿ ದುಡಿದು ಬಿಸಿಯಾಗುತ್ತದೆ. ಒಳಗೆ ರಕ್ಷಣೆ ಇದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಸುಡುತ್ತದೆ. ಹತ್ತು ನಿಮಿಷಕ್ಕೆ ನಿಲ್ಲುವ ರೈಲಿನ ಕತೆ ಬಹುಪಾಲು ಇದೇ. ಮೋಟಾರು ಶುರುವಾಗುವಾಗ ಓಡುವಾಗಿಗಿಂತ ಹೆಚ್ಚು ಕರೆಂಟು ಎಳೆಯುತ್ತದೆ ಎಂಬುದನ್ನು ಮಗ್ಗದ ಶೆಡ್ಡಿನಲ್ಲಿ ದುಡಿದ ಇಚಲಕರಂಜಿಯ ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ. ರೈಲಿನ ಪುಟ್ಟ ಮೋಟಾರಿಗೂ ಅದೇ ಗುಣ. ಏರಿನಲ್ಲಿ, ಬಿಗಿ ತಿರುವಿನಲ್ಲಿ ಅದು ಇನ್ನಷ್ಟು ಕೇಳುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕಾಗದದ ಮೇಲೆ ಒಂದು ಖರ್ಚಿನ ಪಟ್ಟಿ ಮಾಡಬೇಕು. ಉದಾಹರಣೆಗೆ:

ಎರಡು ಮೋಟಾರಿನ ಇಂಜಿನ್, ಬೋಗಿ ಎಳೆಯುವಾಗ: 1.5 ಆಂಪಿಯರ್
ಬಲ್ಬಿರುವ ನಾಲ್ಕು ಬೋಗಿ, ತಲಾ 0.1: 0.4 ಆಂಪಿಯರ್
ಏರು ಮತ್ತು ತಿರುವಿಗೆ: 0.5 ಆಂಪಿಯರ್
ಒಟ್ಟು: 2.4 ಆಂಪಿಯರ್

ಇದನ್ನು ಒಂದೂವರೆ ಪಟ್ಟು ಮಾಡಿದರೆ 3.6. ಪೇಟೆಯಲ್ಲಿ ಇದಕ್ಕಿಂತ ಮೇಲಿನ ಅಳತೆ ನೋಡಿದರೆ 24 ವೋಲ್ಟ್, 5 ಆಂಪಿಯರ್, ಅಂದರೆ 120 ವ್ಯಾಟಿನ ಸಪ್ಲೈ ಸಾಕು. ನಿಮ್ಮ ಇಂಜಿನಿನ ಅಂಕಿ ಬೇರೆ ಇರಬಹುದು. ಪೆಟ್ಟಿಗೆಯ ಮೇಲೆ ಬರೆದಿರದಿದ್ದರೆ ಮಲ್ಟಿಮೀಟರನ್ನು 10 ಆಂಪಿಯರಿನ ತೂತಿಗೆ ಹಾಕಿ, ಒಂದು ತಂತಿಯ ನಡುವೆ ಸೇರಿಸಿ, ಎಲ್ಲ ಬೋಗಿ ಜೋಡಿಸಿದ ರೈಲು ಏರು ಹತ್ತುವಾಗ ಓದಿ. ಬರಿ ಇಂಜಿನ್ ಓಡಿಸಿ ಅಳೆದರೆ ಲೆಕ್ಕ ಕಡಿಮೆ ಬರುತ್ತದೆ.

ಇಂಥ ಸಪ್ಲೈ ಯಾವಾಗಲೂ ಪೂರ್ತಿ 24 ವೋಲ್ಟು ಕೊಡುತ್ತದೆ. ವೇಗ ಹೆಚ್ಚು ಕಡಿಮೆ ಮಾಡಲು, ಹಿಂದೆ ಮುಂದೆ ಓಡಿಸಲು ನಡುವೆ ಡಿಸಿ ಮೋಟಾರಿನ ಸ್ಪೀಡ್ ಕಂಟ್ರೋಲರ್ ಬೇಕು. ಅದೂ 5 ಆಂಪಿಯರ್ ತಾಳುವಂಥದ್ದೇ ಇರಬೇಕು. ದೇಖಾವೆಯ ಚಿಕ್ಕ ರೈಲುಗಳಲ್ಲಿ 12 ವೋಲ್ಟಿನವು ಹೆಚ್ಚು. ಅವಕ್ಕೆ 24 ವೋಲ್ಟು ಕೊಡಬಾರದು. ಡಿಜಿಟಲ್ ರೈಲಾದರೆ ಅದರ ಜೊತೆ ಬಂದ ಸಪ್ಲೈಯನ್ನೇ ಬಳಸಬೇಕು.

ದೇಖಾವೆ ಮಾಡುವವರು ಎಲ್‌ಇಡಿ ಪಟ್ಟಿಯನ್ನೂ ರೈಲಿನ ಸಪ್ಲೈಗೇ ಜೋಡಿಸುವುದುಂಟು. ಮೀಟರಿಗೆ 60 ದೀಪಗಳಿರುವ ಪ್ರಖರವಾದ 12 ವೋಲ್ಟಿನ ಪಟ್ಟಿ ಒಂದು ಮೀಟರಿಗೆ ಸುಮಾರು 14.4 ವ್ಯಾಟ್, ಅಂದರೆ 1.2 ಆಂಪಿಯರ್ ತಿನ್ನುತ್ತದೆ. ಐದು ಮೀಟರಿನ ಒಂದು ಸುರುಳಿಗೆ 6 ಆಂಪಿಯರ್! ರೈಲಿಗೆ ಏನೂ ಉಳಿಯುವುದಿಲ್ಲ. ದೀಪಕ್ಕೆ ಬೇರೆ, ರೈಲಿಗೆ ಬೇರೆ ಸಪ್ಲೈ ಇಡುವುದೇ ಲೇಸು.

ಇನ್ನು ತಂತಿ. ಸಪ್ಲೈ ಮನೆಯೊಳಗೆ, ಹಳಿ 20 ಮೀಟರ್ ದೂರ ಎಂದುಕೊಳ್ಳಿ. ಹೋಗಿ ಬರುವ ದಾರಿ ಸೇರಿ 40 ಮೀಟರ್ ತಾಮ್ರ. 0.75 ಚದರ ಮಿ.ಮೀ. ತಂತಿಯಲ್ಲಿ 2 ಆಂಪಿಯರ್ ಹರಿದರೆ ಸುಮಾರು 1.9 ವೋಲ್ಟು ದಾರಿಯಲ್ಲೇ ಕರಗುತ್ತದೆ. 1.5ರ ತಂತಿಯಾದರೆ 0.9, 2.5ರದಾದರೆ 0.6 ವೋಲ್ಟು. 24ರಲ್ಲಿ ಎರಡು ಹೋದರೆ ನಡೆದೀತು, 12ರಲ್ಲಿ ಹೋದರೆ ಇಂಜಿನ್ ಸೊರಗುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಕಡಿಮೆ ಬರುವ ಹಾಗೆಯೇ ಇದು. ಹಳಿಯ ಸುತ್ತು ದೊಡ್ಡದಿದ್ದರೆ ಎರಡು ಮೂರು ಕಡೆ ತಂತಿ ಜೋಡಿಸಿ. ತುಕ್ಕು ಹಿಡಿದ ಜೋಡಣೆಯಲ್ಲೂ ವೋಲ್ಟು ಸೋರುತ್ತದೆ. ಪ್ಲಸ್ ಯಾವ ಹಳಿಗೋ ಎಲ್ಲ ಕಡೆಯೂ ಅದೇ ಹಳಿಗೆ ಬರಬೇಕು, ತಪ್ಪಿದರೆ ಶಾರ್ಟ್ ಆಗುತ್ತದೆ.

"ಹಾಗಾದರೆ ಇದ್ದುದರಲ್ಲಿ ದೊಡ್ಡದನ್ನೇ ತಂದರಾಯಿತು" ಎನ್ನುವವರಿದ್ದಾರೆ. ಅದೂ ಸರಿಯಲ್ಲ. ರೈಲು ಹಳಿ ತಪ್ಪಿ ಬಿದ್ದಾಗ ಲೋಹದ ಚಕ್ರ ಎರಡೂ ಹಳಿಗಳನ್ನು ಕೂಡಿಸಬಹುದು. ಆಗ ಸಪ್ಲೈ ತನ್ನಲ್ಲಿರುವುದನ್ನೆಲ್ಲ ಅಲ್ಲಿಗೆ ಸುರಿಯುತ್ತದೆ. ಹಳೆ ಕಂಪ್ಯೂಟರಿನ ಸಪ್ಲೈ 12 ವೋಲ್ಟಿನಲ್ಲಿ 15 ಆಂಪಿಯರಿಗೂ ಮೇಲೆ ಕೊಡಬಲ್ಲದು. ಕಾರಿನ ಅಥವಾ ಇನ್ವರ್ಟರಿನ ಬ್ಯಾಟರಿ ನೂರಾರು ಆಂಪಿಯರ್. ಪ್ಲಾಸ್ಟಿಕ್ ಕರಗಲು, ತಂತಿ ಹೊತ್ತಲು ಅಷ್ಟು ಸಾಕು. ಎದುರಿಗೆ ಥರ್ಮಾಕೋಲಿನ ಗುಡ್ಡ, ಕಾಗದದ ಹೂವು ಇರುತ್ತವೆ ಎಂಬುದನ್ನು ನೆನಪಿಡಿ. ಆದ್ದರಿಂದ ಅಗತ್ಯದ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನೊಳಗೆ ಇರಲಿ. ಹಳಿಗೆ ಹೋಗುವ ತಂತಿಯಲ್ಲಿ ಫ್ಯೂಸ್ ಹಾಕಿ. ಮೇಲಿನ ಲೆಕ್ಕಕ್ಕೆ ಕಾರಿಗೆ ಹಾಕುವ 4 ಅಥವಾ 5 ಆಂಪಿಯರಿನ ಚಿಕ್ಕ ಫ್ಯೂಸ್ ಸಾಕು. ಬ್ಯಾಟರಿ ಬಳಸುವವರಿಗಂತೂ ಅದು ಕಡ್ಡಾಯ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮಲ್ಲಿ ಗಣಪತಿ ಹಬ್ಬವೆಂದರೆ ಮಳೆಗಾಲ. ನೆಲ ಹಸಿ, ಮಕ್ಕಳ ಕಾಲಲ್ಲಿ ಚಪ್ಪಲಿ ಇರುವುದಿಲ್ಲ. ಹಳಿಯಲ್ಲಿ 24 ವೋಲ್ಟು ಡಿಸಿ ಇದ್ದರೆ ಕೈ ತಾಗಿದರೂ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಆ 24 ವೋಲ್ಟು ಮನೆಯ 230 ವೋಲ್ಟಿನಿಂದ ಪೂರ್ತಿ ಬೇರ್ಪಟ್ಟು ಬಂದಿರಬೇಕು. ಫ್ಯಾನ್ ರೆಗ್ಯುಲೇಟರ್, ದೀಪದ ಡಿಮ್ಮರ್, ವೇರಿಯಾಕ್ ಇವು ಯಾವುವೂ ಬೇರ್ಪಡಿಸುವುದಿಲ್ಲ. ಮೀಟರ್ 20 ವೋಲ್ಟು ತೋರಿಸಿದರೂ ಹಳಿಗೂ ನೆಲಕ್ಕೂ ನಡುವೆ ಪೂರ್ತಿ ಫೇಸ್ ಇರಬಹುದು. ಇವುಗಳಿಂದ ನೇರವಾಗಿ ಹಳಿಗೆ ಕರೆಂಟು ಕೊಡುವುದು ಜೀವ ತೆಗೆಯುವ ಕೆಲಸ. ಯಾರೇ ಸಲಹೆ ಕೊಟ್ಟರೂ ಮಾಡಬೇಡಿ.

ಅಂಗಡಿಗಳ ಬೋರ್ಡಿಗೆ ಹಾಕುವ, ತೂತಿನ ತಗಡಿನ ಎಸ್‌ಎಂಪಿಎಸ್ ಅಗ್ಗಕ್ಕೆ ಸಿಗುತ್ತದೆ, ಒಳ್ಳೆಯದೂ ಹೌದು. ಆದರೆ ಅದರಲ್ಲಿ 230 ವೋಲ್ಟಿನ ಸ್ಕ್ರೂಗಳು ಹೊರಗೇ ಇರುತ್ತವೆ. ಅದನ್ನು ಗಾಳಿಯಾಡುವ ಪೆಟ್ಟಿಗೆಯೊಳಗೆ, ಮಕ್ಕಳ ಕೈಗೆ ಸಿಗದಂತೆ, ಮನೆಯೊಳಗೇ ಇಡಬೇಕು. ಅರ್ಥಿಂಗ್ ತಂತಿ ತಪ್ಪದೆ ಜೋಡಿಸಬೇಕು. ಆ ಪ್ಲಗ್ಗಿನ ಹಿಂದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಅಂಗಳಕ್ಕೆ ಹೋಗುವುದು ಕಡಿಮೆ ವೋಲ್ಟಿನ ತಂತಿ ಮಾತ್ರ. ಜೋಡಣೆ ಕೆಲಸ ತಿಳಿಯದಿದ್ದರೆ ವೈರಮನ್ ಕೈಯಲ್ಲೇ ಮಾಡಿಸಿ.

ಅಮೆರಿಕದಲ್ಲಿರುವ ಮಕ್ಕಳು ಮೊಮ್ಮಕ್ಕಳಿಗೆಂದು ರೈಲಿನ ಸೆಟ್ ತಂದುಕೊಡುವುದೂ ಈಗ ಸಾಮಾನ್ಯ. ಪ್ಲಗ್ಗಿಗೆ ಹಾಕುವ ಮೊದಲು ಸಪ್ಲೈಯ ಹಿಂಬದಿಯ ಚೀಟಿ ಓದಿ. ಇನ್‌ಪುಟ್ 100ರಿಂದ 240 ಎಂದಿದ್ದರೆ ಇಲ್ಲಿ ನಡೆಯುತ್ತದೆ, ಪ್ಲಗ್ಗಿನ ಆಕಾರ ಮಾತ್ರ ಬದಲಿಸಿದರಾಯಿತು. ಬರಿ 120 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ನಮ್ಮ 230ಕ್ಕೆ ಹಾಕಿದೊಡನೆ ಸುಡುತ್ತದೆ. ರೈಲು ಇಟ್ಟುಕೊಂಡು ಸಪ್ಲೈ ಮಾತ್ರ ಇಲ್ಲಿಯದನ್ನು ಕೊಳ್ಳಿ. ಔಟ್‌ಪುಟ್ ಎಂಬಲ್ಲಿ ಎಸಿ ಇದೆಯೋ ಡಿಸಿ ಇದೆಯೋ ಅದನ್ನೂ ನೋಡಿ; ಡಿಸಿ ರೈಲಿಗೆ ಎಸಿ ಕೊಟ್ಟರೆ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆಯೇ ಹೊರತು ಓಡುವುದಿಲ್ಲ.

ಮಾದರಿ ರೈಲುಗಳನ್ನು ಚೆಂದವಾಗಿ ಓಡಿಸುವುದನ್ನು ಕಾಣಬೇಕೆಂದರೆ ಪುಣೆಗೆ ಹೋದಾಗ ಕೊಥ್ರೂಡಿನ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಮಕ್ಕಳನ್ನು ಕರೆದೊಯ್ಯಿರಿ. 1998ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ.

ತಮ್ಮ ಸಪ್ಲೈ ಸರಿಯಿದೆಯೋ ಎಂಬ ಸಂಶಯವಿದ್ದವರು ಅದರ ಚೀಟಿಯ ಫೋಟೋ ತೆಗೆದುಕೊಂಡು ಸಂಘದ ಮುಂದಿನ ಮಾಸಿಕ ಸಭೆಗೆ ಬನ್ನಿ. ಎಲೆಕ್ಟ್ರಿಕಲ್ ಕೆಲಸ ಬಲ್ಲ ಸದಸ್ಯರ ಜೊತೆ ಕೂತು ನೋಡೋಣ. ಹಬ್ಬಕ್ಕೆ ವಾರ ಇರುವಾಗಲೇ ರೈಲನ್ನು ಎಲ್ಲ ಬೋಗಿ ಸಹಿತ ಒಂದು ತಾಸು ಓಡಿಸಿ, ನಡುನಡುವೆ ಸಪ್ಲೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅದು ಚಿಕ್ಕದಾಯಿತು ಎಂದೇ ಅರ್ಥ.

ಸರ್ವರಿಗೂ ಗಣೇಶ ಹಬ್ಬದ ಮುಂಗಡ ಶುಭಾಶಯಗಳು.

— ಕಾರ್ಯದರ್ಶಿ