ಅರ್ಧ ನಿಮಿಷದ ವಿಡಿಯೊ, ಐದೂವರೆ ಜಿಬಿ

ಕುಂದಾಪುರದ ಮನೆಯಂಗಳದಲ್ಲಿ ಮಗು ಮೊದಲ ಹೆಜ್ಜೆ ಇಡುತ್ತದೆ. ಅರ್ಧ ನಿಮಿಷದ ಆ ವಿಡಿಯೊ ಚಹಾ ಆರುವುದರೊಳಗೆ ದುಬೈನಲ್ಲಿರುವ ಅಪ್ಪನ ಮೊಬೈಲಿಗೆ ಬಂದಿರುತ್ತದೆ. ಇದರಲ್ಲೇನು ವಿಶೇಷ ಅನ್ನುವವರು ಒಮ್ಮೆ ಲೆಕ್ಕ ಹಾಕಬೇಕು. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಒಂದು ಬದಿಗೆ 1,920, ಇನ್ನೊಂದು ಬದಿಗೆ 1,080 ಚುಕ್ಕೆ. ಒಟ್ಟು ಸುಮಾರು 20.7 ಲಕ್ಷ ಪಿಕ್ಸೆಲ್. ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಎಂದರೂ ಒಂದು ಚಿತ್ರಕ್ಕೆ 62 ಲಕ್ಷ ಬೈಟ್ ಬೇಕು. ಸೆಕೆಂಡಿಗೆ ಇಂಥ 30 ಚಿತ್ರ. ಅರ್ಧ ನಿಮಿಷಕ್ಕೆ ಐದೂವರೆ ಜಿಬಿ ದಾಟಿತು! ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇರುವವರು ಮಗುವಿನ ನಾಲ್ಕು ಹೆಜ್ಜೆ ಕಳಿಸಲು ನಾಲ್ಕು ದಿನ ಹಿಡಿಯಬೇಕಿತ್ತು. ಅಪ್ಪನಿಗೆ ಸಿಕ್ಕಿದ್ದು ಕೆಲವೇ ಎಂಬಿ. ಉಳಿದದ್ದು ಎಲ್ಲಿ ಹೋಯಿತು?

ಬಿಸಾಡಿದ್ದಾಯಿತು. ಅದೂ ಕಣ್ಣಿಗೆ ಗೊತ್ತಾಗದಂತೆ. ಮೊದಲ ಕತ್ತರಿ ಬೀಳುವುದು ಬಣ್ಣಕ್ಕೆ. ಬೆಳಕು-ನೆರಳಿನ ಗೆರೆಯನ್ನು ನಮ್ಮ ಕಣ್ಣು ಚುರುಕಾಗಿ ಹಿಡಿಯುತ್ತದೆ, ಬಣ್ಣದ ಸೂಕ್ಷ್ಮದಲ್ಲಿ ಅಷ್ಟು ಚುರುಕಿಲ್ಲ. ಹಾಗಾಗಿ ಬೆಳಕಿನ ಪ್ರಮಾಣವನ್ನು ಪ್ರತಿ ಪಿಕ್ಸೆಲ್ಲಿಗೂ ಬರೆದುಕೊಂಡು, ಬಣ್ಣವನ್ನು ನಾಲ್ಕು ಪಿಕ್ಸೆಲ್ಲಿಗೆ ಒಂದರಂತೆ ಬರೆದರೆ ಸಾಕು. ಅರ್ಧ ಭಾರ ಅಲ್ಲೇ ಇಳಿಯಿತು.

ಮುಂದಿನದು ಗಣಿತದ ಕೈಚಳಕ. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸುತ್ತಾರೆ. ಎಂಟಕ್ಕೆ ಎಂಟರ ಒಂದು ಚೌಕ ತೆಗೆದುಕೊಳ್ಳಿ, ಅದರಲ್ಲಿ 64 ಪಿಕ್ಸೆಲ್, ಅಂದರೆ 64 ಸಂಖ್ಯೆ. ಇವನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತಾರೆ. ಮೊದಲನೆಯದು ಇಡೀ ಚೌಕದ ಸರಾಸರಿ ಬೆಳಕನ್ನು ಹೇಳುತ್ತದೆ. ನಂತರದವು ಬೆಳಕು ಅಡ್ಡಕ್ಕೆ, ಉದ್ದಕ್ಕೆ ಎಷ್ಟು ನಿಧಾನವಾಗಿ ಅಥವಾ ಎಷ್ಟು ಬೇಗ ಬೇಗ ಏರಿಳಿಯುತ್ತದೆ ಎಂಬುದನ್ನು ಹೇಳುತ್ತವೆ. ಮಗುವಿನ ಹಿಂದಿನ ಸುಣ್ಣದ ಗೋಡೆಯ ಚೌಕವಾದರೆ ಮೊದಲ ಸಂಖ್ಯೆ ಬಿಟ್ಟು ಉಳಿದವು ಹೆಚ್ಚುಕಡಿಮೆ ಸೊನ್ನೆ. ಮಗುವಿನ ಗುಂಗುರು ಕೂದಲಿನ ಚೌಕದಲ್ಲಿ ಹಲವು ಸಂಖ್ಯೆಗಳಿಗೆ ಕೆಲಸವಿರುತ್ತದೆ. ಈ ಬದಲಾವಣೆಯಲ್ಲಿ ಏನೂ ಕಳೆದಿಲ್ಲ. ಆಮೇಲೆ ಪ್ರತಿ ಸಂಖ್ಯೆಯನ್ನೂ ಒಂದು ಅಳತೆಯಿಂದ ಭಾಗಿಸಿ, ಚಿಲ್ಲರೆ ಬಿಟ್ಟು, ಪೂರ್ಣಾಂಕಕ್ಕೆ ತರುತ್ತಾರೆ. ನವಿರು ವಿವರದ ಸಂಖ್ಯೆಗಳು ಮೊದಲೇ ಸಣ್ಣವು, ಸೊನ್ನೆಯಾಗಿಬಿಡುತ್ತವೆ. ಸಾಲುಸಾಲು ಸೊನ್ನೆ ಬರೆಯಲು ಜಾಗವೇ ಬೇಡ.

ಈ ಪರಿವರ್ತನೆಗೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ ಎಂದು ಹೆಸರು. ಹೊಳೆದದ್ದು ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಅವರಿಗೆ. ವಿಶ್ವೇಶ್ವರಯ್ಯ ಸ್ಥಾಪಿಸಿದ ಕಾಲೇಜಿನಲ್ಲಿ, ಅಂದರೆ ಇಂದಿನ ಯುವಿಸಿಇಯಲ್ಲಿ, 1961ರಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದವರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಈ ಸಂಶೋಧನೆಗೆ ಹಣ ಕೊಡಿ ಎಂದು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿಗೆ ಅರ್ಜಿ ಹಾಕಿದರು. ಸಿಗಲಿಲ್ಲ. ವಿಚಾರ ತೀರಾ ಸರಳವಾಗಿದೆ ಎಂಬ ಆಕ್ಷೇಪವೂ ಇತ್ತೆಂದು ಮುಂದೆ ಅವರೇ ಬರೆದಿದ್ದಾರೆ. ಆದರೂ ಬಿಡದೆ ಶಿಷ್ಯ ಟಿ. ನಟರಾಜನ್, ಗೆಳೆಯ ಕೆ. ಆರ್. ರಾವ್ ಜೊತೆ ಸೇರಿ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಜೆಪೆಗ್ ಫೋಟೊ, ಎಂಪೆಗ್ ವಿಡಿಯೊ, ಇಂದಿನ ರೀಲ್ಸ್ ಎಲ್ಲದರ ಅಡಿಪಾಯ ಅದೇ ಸರಳ ವಿಚಾರ ಅಥವಾ ಅದರ ಮರಿ-ಮೊಮ್ಮರಿ. ರೀಲ್ಸ್ ಮಾಡಿ ಹೆಸರು ಗಳಿಸಿದವರನ್ನು ನಾವು ಬಲ್ಲೆವು, ಈ ಬೆಂಗಳೂರಿಗನನ್ನು ಬಲ್ಲವರು ಬೆಂಗಳೂರಿನಲ್ಲೇ ಕಡಿಮೆ.

ಉಳಿದ ದೊಡ್ಡ ಉಳಿತಾಯ ಆಗುವುದು ಕಾಲದಲ್ಲಿ. ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಗೋಡೆ, ತುಳಸಿಕಟ್ಟೆ ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ಎಲ್ಲೋ ಒಂದು ಚಿತ್ರವನ್ನು ಪೂರ್ತಿ ಬರೆದು, ನಂತರದವುಗಳಲ್ಲಿ ‘ಹಿಂದಿನಂತೆಯೇ’, ‘ಈ ಚೌಕ ಮೂರು ಪಿಕ್ಸೆಲ್ ಬಲಕ್ಕೆ ಸರಿದಿದೆ’ ಎಂದಷ್ಟೇ ದಾಖಲಿಸುತ್ತಾರೆ. ಹಿಂದಿನ ಚಿತ್ರ ನೋಡಿ ಮುಂದಿನದನ್ನು ಊಹಿಸಲಾಗದಿದ್ದರೆ ಮಾತ್ರ ಕಷ್ಟ. ಮಳೆಗಾಲದ ಜೋಗದ ನೀರು, ಯಕ್ಷಗಾನದ ದಿಗಿಣ, ಮದುವೆಯಲ್ಲಿ ಎರಚುವ ಅಕ್ಷತೆ, ಇವೆಲ್ಲ ಮೊಬೈಲಿನಲ್ಲಿ ಚೌಕಚೌಕವಾಗಿ ಒಡೆದು ಕಾಣುವುದು ಇದಕ್ಕೇ. ಮಂದ ಬೆಳಕೂ ಶತ್ರುವೇ: ಆಗ ಕ್ಯಾಮೆರಾದ ಸೆನ್ಸರ್ ಹುಟ್ಟಿಸುವ ಕಾಳುಕಾಳು ಗದ್ದಲ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ, ಬೈಟ್‌ಗಳೆಲ್ಲ ಅದನ್ನು ಬರೆಯುವುದಕ್ಕೇ ಖರ್ಚಾಗುತ್ತವೆ. ಫೋನನ್ನು ಕಿಟಕಿಯ ಕಟ್ಟೆಗೆ ಒರಗಿಸಿ ಹಗಲು ಬೆಳಕಿನಲ್ಲಿ ತೆಗೆದ ವಿಡಿಯೊ ಕಳಿಸಿದ ಮೇಲೂ ಚೆನ್ನಾಗಿರುವುದು ಈ ಕಾರಣಕ್ಕೆ.

ಸ್ಟೇಟಸ್‌ಗೆ ಹಾಕಿದ್ದನ್ನು ಯಾರೋ ಇಳಿಸಿಕೊಂಡು ಇನ್ನೊಂದು ಆ್ಯಪ್‌ಗೆ ಏರಿಸುತ್ತಾರೆ, ಅಲ್ಲಿಂದ ಮತ್ತೊಬ್ಬರು ಸ್ಕ್ರೀನ್ ರೆಕಾರ್ಡ್ ಮಾಡುತ್ತಾರೆ. ಪ್ರತಿ ಸಲವೂ ಈ ಕತ್ತರಿ ಹೊಸದಾಗಿ ಆಡುತ್ತದೆ. ಕೊನೆಗೆ ಮಗುವಿನ ಮುಖದಲ್ಲಿ ಕಣ್ಣು ಮೂಗು ಹುಡುಕಬೇಕು. ಎಐ ಆ್ಯಪ್‌ಗಳು ಅದನ್ನು ತಿಳಿಗೊಳಿಸಿ ಕೊಟ್ಟಂತೆ ತೋರಿದರೂ ಹೋದದ್ದು ಬರುವುದಿಲ್ಲ, ಅವು ಊಹಿಸಿ ತುಂಬಿದ ಮುಖ ನಿಮ್ಮ ಮಗುವಿನದೇ ಆಗಿರಬೇಕೆಂದಿಲ್ಲ. ಆದ್ದರಿಂದ ಮನೆಯವರಿಗೆ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ, ಇದ್ದ ಫೈಲ್ ಇದ್ದಂತೆಯೇ ಹೋಗುತ್ತದೆ. ಜಾಗ ಸಾಲದೆಂದು ಫೋನಿನಲ್ಲಿರುವ ಮೂಲ ವಿಡಿಯೊ ಅಳಿಸುವ ಮೊದಲು ಅದನ್ನು ಪೆನ್‌ಡ್ರೈವಿಗೋ ಕಂಪ್ಯೂಟರಿಗೋ ಹಾಕಿಟ್ಟುಕೊಳ್ಳಿ.