ಹೊರದೇಶದ ಹಾಲಿನ ಪುಡಿ ಮತ್ತು ನಮ್ಮ ಸಂಘದ ಹಾಲಿನ ದರ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಸಣ್ಣ ರೈತರಲ್ಲಿ ಅನೇಕರ ಸಂಸಾರ ನಡೆಯುವುದು ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು ಮತ್ತು ಕೊಟ್ಟಿಗೆಯ ಒಂದೆರಡು ಹಸುಗಳಿಂದ. ಈ ಮೂರಕ್ಕೂ ಹೊರದೇಶದ ಪೈಪೋಟಿ ಇದೆ. ಅಗ್ಗದ ಮೆಣಸಿನ ಆಮದು ತಡೆಯಲು ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂ. ಕನಿಷ್ಠ ಆಮದು ದರ ಗೊತ್ತುಪಡಿಸಿತು. ಅಡಿಕೆಯ ಕನಿಷ್ಠ ಆಮದು ದರವನ್ನು 2023ರ ಫೆಬ್ರವರಿಯಲ್ಲಿ 351 ರೂ.ಗೆ ಏರಿಸಿತು. ಹಾಲಿನ ಪೈಪೋಟಿ ಮಾತ್ರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಹೊರದೇಶದಿಂದ ಹಾಲು ಬರುವುದು ಹೆಚ್ಚಾಗಿ ಪುಡಿ ಮತ್ತು ಬೆಣ್ಣೆಯ ರೂಪದಲ್ಲಿ. ನಮ್ಮಲ್ಲಿಯೂ ಹಾಲು ಹೆಚ್ಚಾದ ತಿಂಗಳುಗಳಲ್ಲಿ ಮಾರಾಟವಾಗದೆ ಉಳಿದದ್ದನ್ನು ಪುಡಿ ಮಾಡಲಾಗುತ್ತದೆ. ಒಂದು ಲೀಟರ್ ಹಸುವಿನ ಹಾಲಿನಿಂದ ಸುಮಾರು 85 ಗ್ರಾಂ ಕೆನೆರಹಿತ ಪುಡಿ ಹಾಗೂ ಸುಮಾರು 40 ಗ್ರಾಂ ಬೆಣ್ಣೆ ದೊರೆಯುತ್ತದೆ. ಪುಡಿಯ ಬೆಲೆ ಕಿಲೋಗೆ 50 ರೂ. ಇಳಿಯಿತೆಂದುಕೊಳ್ಳಿ. ಪುಡಿ ಮಾಡಿದ ಪ್ರತಿ ಲೀಟರ್ ಹಾಲಿನ ಮೇಲೆ 4 ರೂ.ಗಿಂತ ಹೆಚ್ಚು ನಷ್ಟ. ಈ ನಷ್ಟವನ್ನು ಒಕ್ಕೂಟವು ಒಟ್ಟು ವಹಿವಾಟಿನಿಂದಲೇ ತುಂಬಿಕೊಳ್ಳಬೇಕು. ಕೊನೆಗೆ ಅದರ ಭಾರ ಉತ್ಪಾದಕರಿಗೆ ಕೊಡುವ ದರದ ಮೇಲೆ ಬೀಳುತ್ತದೆ.

ಹೀಗಾಗುವ ಅಪಾಯ ಹಿಂದೆ ಎದುರಾಗಿತ್ತು. ಕೆನೆರಹಿತ ಹಾಲಿನ ಪುಡಿಗೆ ಆಮದು ಸುಂಕ ಹಾಕುವುದಿಲ್ಲವೆಂದು ನಮ್ಮ ದೇಶ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಬಹಳ ಹಿಂದೆಯೇ ಒಪ್ಪಿತ್ತು. ಅದರಿಂದಾಗಿ 1999-2000ರಲ್ಲಿ ಸಾವಿರಾರು ಟನ್ ಪುಡಿ ಬಂದಿಳಿಯಿತು. ಆ ಕಾಲದಲ್ಲಿ ಯೂರೋಪಿನ ಸರ್ಕಾರಗಳು ರಫ್ತಿಗೆ ಸಹಾಯಧನ ಕೊಡುತ್ತಿದ್ದುದರಿಂದ ಅವರ ಪುಡಿ ಅಗ್ಗವಾಗಿತ್ತು. ಸಹಕಾರಿ ಕ್ಷೇತ್ರದ ಒತ್ತಾಯದ ಮೇರೆಗೆ ಸರ್ಕಾರವು ಮರು ಮಾತುಕತೆ ನಡೆಸಿ, ವರ್ಷಕ್ಕೆ 10,000 ಟನ್‌ವರೆಗೆ ಶೇ. 15, ಅದಕ್ಕೆ ಮೀರಿದ್ದಕ್ಕೆ ಶೇ. 60 ಸುಂಕ ವಿಧಿಸುವ ಹಕ್ಕು ಪಡೆಯಿತು. 10,000 ಟನ್ ಪುಡಿ ಎಂದರೆ ಸುಮಾರು 12 ಕೋಟಿ ಲೀಟರ್ ಹಾಲು ಎಂಬುದನ್ನು ಗಮನಿಸಬೇಕು.

ನ್ಯೂಜಿಲೆಂಡಿನಲ್ಲಿ ಜನಸಂಖ್ಯೆ ಕಡಿಮೆ, ಹುಲ್ಲುಗಾವಲು ವಿಶಾಲ. ಅಲ್ಲಿಯ ಹಾಲಿನ ಬಹುಪಾಲು ರಫ್ತಿಗಾಗಿಯೇ. ಒಬ್ಬೊಬ್ಬ ರೈತನಲ್ಲಿ ನೂರಾರು ಹಸುಗಳಿರುತ್ತವೆ. ಎರಡು ಹಸು ಕಟ್ಟಿಕೊಂಡು, ಹಿಂಡಿ ಬೂಸಾ ಕೊಂಡು ತರುವ ಮಲೆನಾಡಿನ ರೈತ ಅಂಥವರೊಡನೆ ಬರೀ ಬೆಲೆಯಲ್ಲಿ ಸೆಣಸಲಾರ. ಆದ್ದರಿಂದಲೇ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದವನ್ನು ಹಾಲು ಸಹಕಾರ ಸಂಘಗಳು ವಿರೋಧಿಸಿದವು. 2019ರ ನವೆಂಬರ್ 4ರಂದು ಭಾರತ ಅದಕ್ಕೆ ಸೇರಲು ನಿರಾಕರಿಸಿತು. 2022ರಲ್ಲಿ ಆಸ್ಟ್ರೇಲಿಯಾದೊಡನೆ ಆದ ಒಪ್ಪಂದದಲ್ಲಿಯೂ ಹೈನು ಪದಾರ್ಥಗಳನ್ನು ಹೊರಗಿಡಲಾಯಿತು.

ಆದರೆ ಸುಂಕವೊಂದನ್ನೇ ನಂಬಿ ಕೂರುವಂತಿಲ್ಲ. ಸುಂಕ ಬದಲಾಗಬಹುದು, ಗುಣಮಟ್ಟ ನಮ್ಮ ಕೈಯಲ್ಲಿದೆ. ಕೆಚ್ಚಲು ತೊಳೆದು ಒರೆಸಿ, ಶುಚಿಯಾದ ಪಾತ್ರೆಯಲ್ಲಿ ಕರೆದು, ತಡಮಾಡದೆ ಸಂಘಕ್ಕೆ ಹಾಕಿರಿ. ಆ್ಯಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಬೇರೆ ಇಡಿರಿ. ತೋಟದ ಬದಿಯ ಖಾಲಿ ಜಾಗದಲ್ಲಿ ಹಸಿರು ಮೇವು ಬೆಳೆದರೆ ಹಿಂಡಿಯ ಖರ್ಚು ತಗ್ಗುತ್ತದೆ. ಸಂಘದ ವಾರ್ಷಿಕ ಮಹಾಸಭೆಗೆ ತಪ್ಪದೆ ಬಂದು, ಪುಡಿಯ ದಾಸ್ತಾನು ಎಷ್ಟಿದೆ, ಬೆಲೆ ಎಷ್ಟಿದೆ ಎಂದು ಕೇಳಿರಿ. ಹಿಂದೆ ಸುಂಕ ಬಂದದ್ದು ಉತ್ಪಾದಕರು ಒಗ್ಗಟ್ಟಾಗಿ ಕೇಳಿದ್ದರಿಂದ ಎಂಬುದನ್ನು ಮರೆಯದಿರೋಣ.