ಮಕ್ಕಳ ಮುಂದಿನ ಓದು: ಸಲಹೆ ಹೇಳುವವರ ಹೊಣೆ

ಬೇಸಗೆಯಲ್ಲಿ ಹತ್ತನೆಯ ತರಗತಿಯ ಮತ್ತು ಪಿ.ಯು.ಸಿ. ಪರೀಕ್ಷೆಗಳ ಫಲಿತಾಂಶಗಳು ಹೊರಬಿದ್ದವೆಂದರೆ, ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಾಡಿಯಲ್ಲಿ ಮಾತಿನ ವಿಷಯವೇ ಬದಲಾಗುತ್ತದೆ. ಚಾಂಪಿಯನ್ ರೀಫಿನಲ್ಲಿ ಹತ್ತಿದವರೂ ಊರ್ಗಾಂನಲ್ಲಿ ಹತ್ತಿದವರೂ ಬಂಗಾರಪೇಟೆಯಲ್ಲಿ ನುಗ್ಗಿ ಬಂದವರೂ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ತಮಿಳಿನಲ್ಲಿ ಕೇಳಲಿ, ತೆಲುಗಿನಲ್ಲಿ ಕೇಳಲಿ, ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಕೇಳಲಿ, ಪ್ರಶ್ನೆ ಇಷ್ಟೆ: "ಹುಡುಗನನ್ನು ಮುಂದೆ ಯಾವುದಕ್ಕೆ ಸೇರಿಸುವುದು?" ಉತ್ತರ ಹೇಳುವವರಿಗೆ ಅಲ್ಲಿ ಬರವಿಲ್ಲ. ಬ್ಯಾಂಕಿನ ಗುಮಾಸ್ತರು, ಕಾರ್ಖಾನೆಯ ಮೇಸ್ತ್ರಿಗಳು, ಕಾಲೇಜಿಗೆ ಹೋಗುವ ಹುಡುಗರು, ನನ್ನಂತಹ ಉಪಾಧ್ಯಾಯರು, ಎಲ್ಲರೂ ಸಲಹೆಗಾರರೇ. ಈ ಸಲಹೆಗಾರರ ಹೊಣೆ ಎಷ್ಟು ದೊಡ್ಡದೆಂಬುದನ್ನು ಗೃಹಸ್ಥರಾದ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಚಿನ್ನದ ಗಣಿಯ ಪ್ರಾಂತದಲ್ಲಿ ಈ ಪ್ರಶ್ನೆಗೆ ಬಂದಿರುವ ತೀವ್ರತೆಗೆ ಕಾರಣವುಂಟು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿಯ ಕೆಲಸವನ್ನು ವಹಿಸಿಕೊಂಡರು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುಚ್ಛಕ್ತಿ ಬಂದಿತು. ಮೂರು ನಾಲ್ಕು ತಲೆಮಾರುಗಳ ಕಾಲ ಗಣಿಯ ಕಾರ್ಮಿಕನ ಮನೆಯಲ್ಲಿ ಮಗನ ಮುಂದಿನ ದಾರಿಯನ್ನು ಕುರಿತು ಹೆಚ್ಚಿನ ವಿಚಾರ ನಡೆಯುತ್ತಿರಲಿಲ್ಲ. ತಂದೆ ಇಳಿದ ಗಣಿಗೆ ಮಗನೂ ಇಳಿಯುವನೆಂಬ ಭಾವನೆ ಬೇರೂರಿತ್ತು. 1964ರಲ್ಲಿ ಸ್ಥಾಪಿತವಾದ ಬೆಮೆಲ್ ಕಾರ್ಖಾನೆಯೂ ಅನೇಕರಿಗೆ ಆಶ್ರಯವಾಯಿತು. ಆದರೆ 2001ರ ಫೆಬ್ರವರಿ 28ರಂದು ಗಣಿಯು ಮುಚ್ಚಿಹೋಯಿತು. ಅಂದಿನಿಂದ ಸಾವಿರಾರು ಜನರ ಬಾಳು ಬೆಂಗಳೂರಿನ ರೈಲುಗಾಡಿಗೆ ಗಂಟುಬಿದ್ದಿದೆ. ಮಕ್ಕಳಿಗೆ ಕೊಡಲು ಗಣಿಯ ಕೆಲಸವಿಲ್ಲ, ಬಂಗಾರಪೇಟೆಯ ಸುತ್ತಿನ ಅನೇಕ ರೈತರಿಗೆ ಮಳೆಯ ಭರವಸೆಯೂ ಇಲ್ಲ. ಉಳಿದುದು ವಿದ್ಯೆಯೊಂದೇ. ಆ ವಿದ್ಯೆಯ ಬಾಗಿಲನ್ನು ತಪ್ಪಾಗಿ ತೋರಿಸಿದರೆ ಒಂದು ಮನೆಯ ಉಳಿತಾಯವೂ ಒಂದು ಮಗುವಿನ ಹಲವು ವರ್ಷಗಳೂ ವ್ಯರ್ಥವಾಗುತ್ತವೆ.

ಒಳ್ಳೆಯ ಸಲಹೆಯ ಫಲವೇನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಅಂದು ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಡ ಮನೆತನದವರು. ಮುಂದೆ ಓದುವ ಅನುಕೂಲವಿಲ್ಲದಿದ್ದ ಆ ಬಾಲಕನು, ಹಿಂದೆ ತನಗೆ ಪಾಠ ಹೇಳಿದ್ದ ಉಪಾಧ್ಯಾಯರೊಬ್ಬರ ಕರೆಯನ್ನು ನಂಬಿ, ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋಗಿ ನ್ಯಾಷನಲ್ ಹೈಸ್ಕೂಲನ್ನು ಸೇರಿದನು. ಅವರೇ ಮುಂದೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ನಡೆದವನು ಬಾಲಕನೇ ಸರಿ. ಆದರೆ ಇಂತಹ ಕಡೆಗೆ ನಡೆ ಎಂದು ಹೇಳಿದವರೊಬ್ಬರು ಇದ್ದರೆಂಬುದನ್ನು ಮರೆಯಬಾರದು.

ಇನ್ನು ಕೆಟ್ಟ ಸಲಹೆಯ ಫಲ. ಇದಕ್ಕೆ ನಾನೇ ನಿದರ್ಶನ. ಹೇಳಿಕೊಳ್ಳಲು ಸಂಕೋಚವಾದರೂ ಹೇಳಲೇಬೇಕು. ಸುಮಾರು ಹತ್ತು ವರ್ಷಗಳ ಹಿಂದೆ ಗಣಿಯ ಕೆಲಸ ಕಳೆದುಕೊಂಡಿದ್ದ ಒಬ್ಬರ ಮಗ ಸಿ.ಇ.ಟಿ. ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನ ಪಡೆದು ತಾಯಿಯೊಡನೆ ನನ್ನಲ್ಲಿಗೆ ಬಂದನು. ಕಾಲೇಜುಗಳ ಪಟ್ಟಿಯನ್ನು ಯಾವ ಕ್ರಮದಲ್ಲಿ ಬರೆಯಬೇಕೆಂದು ಕೇಳಿದನು. ರೈಲಿನಲ್ಲಿ ಕೇಳಿದ ಮಾತನ್ನೇ ನಾನು ಗಿಳಿಯಂತೆ ಒಪ್ಪಿಸಿದೆನು: "ಖಂಡಿತವಾಗಿ ಸಿಕ್ಕುವುದನ್ನು ಮೊದಲು ಬರೆಯಪ್ಪಾ, ದೊಡ್ಡ ಕಾಲೇಜುಗಳನ್ನು ಆಮೇಲೆ ಬರೆ." ಮೊದಲು ಬರೆದುದು ಸಿಕ್ಕಿತು. ಸಿಕ್ಕಿದೊಡನೆ ಅದರ ಕೆಳಗೆ ಬರೆದುದೆಲ್ಲ ತಾನಾಗಿಯೇ ಬಿದ್ದುಹೋಯಿತು. ಅವನಿಗಿಂತ ಹಿಂದಿನ ಸ್ಥಾನದಲ್ಲಿದ್ದವರಿಗೆ ಅವನು ಬಯಸಿದ್ದ ಬೆಂಗಳೂರಿನ ಕಾಲೇಜು ದೊರೆಯಿತೆಂದು ಅನಂತರ ತಿಳಿದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಿಯಮ ಸರಳವಾಗಿಯೇ ಇದ್ದಿತು: ಸ್ಥಾನಕ್ಕೆ ಎಟಕುವ ಆಯ್ಕೆಗಳಲ್ಲಿ ಎಲ್ಲಕ್ಕಿಂತ ಮೇಲೆ ಬರೆದುದನ್ನೇ ಕೊಡುತ್ತಾರೆ, ಆದುದರಿಂದ ನಿಜವಾಗಿ ಬಯಸಿದ ಕ್ರಮದಲ್ಲಿಯೇ ಬರೆಯಬೇಕು. ನಾನು ಅದನ್ನು ಓದಿರಲಿಲ್ಲ.

ಎರಡು ವರ್ಷಗಳ ಮೇಲೆ ಆ ತಾಯಿ ಮಗಳನ್ನು ಕರೆದುಕೊಂಡು ಮತ್ತೆ ನನ್ನ ಮನೆಗೆ ಬಂದರು. ಕೋಪದ ಮಾತೊಂದನ್ನೂ ಆಡಲಿಲ್ಲ. "ಈ ಸಲ ಪುಸ್ತಕ ನೋಡಿ ಹೇಳಿ ಮೇಷ್ಟ್ರೇ" ಎಂದಷ್ಟೇ ಹೇಳಿದರು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅಂದು ಆ ತಾಯಿ ಕಲಿಸಿದ ಪಾಠ ದೊಡ್ಡದು.

ನಮ್ಮ ನ್ಯಾಯಶಾಸ್ತ್ರದಲ್ಲಿ ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪಿದ್ದಾರೆ. ಆಪ್ತನೆಂದರೆ ಬರಿಯ ನಂಟನಲ್ಲ, ಬೇಕಾದವನೂ ಅಲ್ಲ. ವಿಷಯವನ್ನು ಇದ್ದುದಿದ್ದಂತೆ ತಿಳಿದವನು. ತಿಳಿದುದನ್ನು ಹಾಗೆಯೇ ಹೇಳುವ ಇಚ್ಛೆಯುಳ್ಳವನು. ಮೊದಲನೆಯ ಲಕ್ಷಣ ನನ್ನಲ್ಲಿರಲಿಲ್ಲ. ಎರಡನೆಯದು ಇಲ್ಲದವರೂ ಉಂಟು: ಸೀಟು ಕೊಡಿಸುವೆನೆಂದು ಹೇಳಿ ಕಾಲೇಜಿನಿಂದ ತಲೆಗಿಷ್ಟು ಎಂದು ಹಣ ಪಡೆಯುವ ಮಧ್ಯವರ್ತಿಗಳು. ಇಬ್ಬರಿಂದಲೂ ಮಗುವಿಗೆ ಆಗುವ ನಷ್ಟ ಒಂದೇ.

ತಿಳಿಯಬೇಕಾದ ವಿಷಯಗಳಾದರೋ ಸೂಕ್ಷ್ಮವಾದುವು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಹಂಚುವ ಎಂಜಿನಿಯರಿಂಗ್ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ನೂರಕ್ಕೆ 15ರಷ್ಟೂ ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5ರಷ್ಟೂ ಮೀಸಲುಂಟು. ಆದರೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತು ವರ್ಷವೂ ಹಾಗೆಯೇ ಓದಿರಬೇಕು. ಬಂಗಾರಪೇಟೆ ತಾಲ್ಲೂಕಿನ ಹಳ್ಳಿಯ ಗೃಹಸ್ಥನು ಮಗಳನ್ನು ಐದನೆಯ ತರಗತಿಗೆ ಪಟ್ಟಣದ ಶಾಲೆಗೆ ಸೇರಿಸಿದರೆ, ಊರು ಹಳ್ಳಿಯೇ ಆದರೂ ಗ್ರಾಮೀಣದ ಹಕ್ಕು ತಪ್ಪಿಹೋಗುತ್ತದೆ. ಪಟ್ಟಣಕ್ಕೆ ಸೇರಿಸಬಾರದೆಂದು ನಾನು ಹೇಳುವುದಿಲ್ಲ, ತಿಳಿದು ಸೇರಿಸಬೇಕೆನ್ನುತ್ತೇನೆ. ರಾಬರ್ಟ್‌ಸನ್‌ಪೇಟೆಯಲ್ಲಿ ಓದಿದ ಹುಡುಗನಿಗೆ ಈ ಗ್ರಾಮೀಣದ ಮಾತೇ ಅನ್ವಯಿಸದು. ಇನ್ನು ನಾವಿರುವುದು ಗಡಿಯಲ್ಲಿ. ಆಂಧ್ರದ ಕುಪ್ಪವೂ ತಮಿಳುನಾಡಿನ ಕೃಷ್ಣಗಿರಿಯೂ ಹತ್ತಿರ. ಅಲ್ಲಿಗೆ ಮಕ್ಕಳನ್ನು ಕಳುಹಿಸುವ ಮೊದಲು, ಇಲ್ಲಿಯ ಸರ್ಕಾರಿ ಸೀಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿ, ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯನ್ನು ಇಲ್ಲಿಯೇ ಮುಗಿಸಿರಬೇಕೆಂಬ ಮುಖ್ಯ ನಿಯಮವನ್ನು ನೆನೆಯಬೇಕು. ಪಿ.ಯು.ಸಿ. ವೆಚ್ಚ ಹೊರಲಾರದ ಮನೆಯವರು ಹತ್ತನೆಯ ತರಗತಿಯ ಮೇಲೆ ಮೂರು ವರ್ಷದ ಡಿಪ್ಲೊಮಾ ಓದಿಸಿ, ಅಲ್ಲಿಂದ ಇನ್ನೊಂದು ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಿಸಬಹುದೆಂಬುದು ಎಷ್ಟು ಮಂದಿಗೆ ಗೊತ್ತು? ಕಾಲೇಜಿನವರು ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲಿ ಇಟ್ಟುಕೊಳ್ಳಕೂಡದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ವಿಧಿಸಿರುವುದೂ ಅಷ್ಟೇ ಮುಖ್ಯ.

ಇವೆಲ್ಲವನ್ನೂ ಒಬ್ಬನೇ ತಿಳಿದಿರುವುದು ಕಷ್ಟ. ನಿಯಮಗಳೂ ವರ್ಷ ವರ್ಷ ಬದಲಾಗಬಹುದು. ಆದುದರಿಂದ ಸಲಹೆಗಾರರು ಒಂದು ಕುಟುಂಬದಂತೆ ಕೂಡಿ ಸುದ್ದಿಯನ್ನು ಹಂಚಿಕೊಳ್ಳಬೇಕು. ಅಮೆರಿಕ ದೇಶದಲ್ಲಿ 1937ರಲ್ಲಿಯೇ ಕಾಲೇಜು ಪ್ರವೇಶದ ಸಲಹೆಗಾರರ ಸಂಘವೊಂದು ಹುಟ್ಟಿ, ತಮ್ಮ ವೃತ್ತಿಯ ನೀತಿಯನ್ನು ತಾವೇ ಚರ್ಚಿಸುವ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ನಮಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಬಂಗಾರಪೇಟೆಯಲ್ಲಿ ನಾವು ಐದಾರು ಮಂದಿ ನಿವೃತ್ತ ಉಪಾಧ್ಯಾಯರು ಬೇಸಗೆಯ ಭಾನುವಾರಗಳಲ್ಲಿ ಒಬ್ಬರ ಜಗಲಿಯಲ್ಲಿ ಸೇರುತ್ತೇವೆ. ಆ ವರ್ಷದ ಸೂಚನಾಪತ್ರವನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಉಳಿದವರು ಗುರುತು ಹಾಕಿಕೊಳ್ಳುತ್ತಾರೆ. ಈಗಾಗಲೇ ಕಾಲೇಜು ಸೇರಿರುವ ಹುಡುಗ ಹುಡುಗಿಯರೂ ಬಂದು ಅಲ್ಲಿಯ ಶುಲ್ಕವೇನು, ಹಾಸ್ಟೆಲ್ ಹೇಗಿದೆ, ಸಂಜೆಯ ರೈಲು ಸಿಕ್ಕುವುದೇ ಎಂಬುದನ್ನು ಹೇಳುತ್ತಾರೆ. ನಾವು ಮಾಡಿಕೊಂಡಿರುವ ಕಟ್ಟಳೆಗಳು ಮೂರೇ. ಮುದ್ರಿತ ನಿಯಮವನ್ನು ನೋಡದೆ ಉತ್ತರ ಹೇಳಕೂಡದು. ಯಾವ ಕಾಲೇಜಿನಿಂದಲೂ ಒಂದು ಕಾಸನ್ನೂ, ಒಂದು ಲೋಟ ಕಾಫಿಯನ್ನೂ ಮುಟ್ಟಕೂಡದು. ತಿಳಿಯದುದನ್ನು ತಿಳಿಯದೆಂದೇ ಹೇಳಬೇಕು. ಮೂರನೆಯದನ್ನು ಪಾಲಿಸುವುದು ಉಪಾಧ್ಯಾಯರಿಗೆ ಬಹಳ ಕಷ್ಟವೆಂದು ಅನುಭವದಿಂದ ಬಲ್ಲೆನು.

ಗೃಹಸ್ಥರಲ್ಲಿಯೂ ಒಂದು ವಿಜ್ಞಾಪನೆ. ಸಲಹೆ ಕೇಳಲು ಹೋದಾಗ "ಇದು ಎಲ್ಲಿ ಬರೆದಿದೆ, ತೋರಿಸಿ" ಎಂದು ಕೇಳಲು ನಾಚಬೇಡಿರಿ. ಮಗುವನ್ನು ಜೊತೆಯಲ್ಲಿಯೇ ಕರೆದೊಯ್ಯಿರಿ. ಓದಬೇಕಾದವರು ಅವರೇ ಅಲ್ಲವೆ? ಹೆಣ್ಣುಮಕ್ಕಳ ವಿಷಯದಲ್ಲಿ ಹತ್ತಿರವೆಂಬ ಒಂದೇ ಕಾರಣಕ್ಕೆ ಯಾವುದೋ ಕಾಲೇಜಿಗೆ ಸೇರಿಸಿ ಕೈ ತೊಳೆದುಕೊಳ್ಳಬೇಡಿರಿ.

ಆ ತಾಯಿಯ ಮಗಳ ಪಟ್ಟಿಯನ್ನು ಬರೆಯಲು ನಮಗೆ ಮೂರು ಭಾನುವಾರಗಳು ಹಿಡಿದವು. ಸೂಚನಾಪತ್ರವನ್ನು ಅವಳೇ ಓದಿದಳು, ಕ್ರಮವನ್ನು ಅವಳೇ ನಿಶ್ಚಯಿಸಿದಳು. ನಾನು ಬೆರಳಿಟ್ಟು ಸಾಲು ತೋರಿಸಿದೆನಷ್ಟೆ. ಬಯಸಿದುದೇ ದೊರೆಯಿತು. ಅಣ್ಣನಿಗೆ ನಾನು ಮಾಡಿದ ನಷ್ಟ ಅದರಿಂದ ತುಂಬಲಿಲ್ಲವೆಂಬುದನ್ನು ಬಲ್ಲೆ. ಆದರೂ ಇಂದು ಯಾರಾದರೂ ಬಾಗಿಲು ತಟ್ಟಿ "ಮುಂದೇನು ಓದಿಸೋಣ ಮೇಷ್ಟ್ರೇ?" ಎಂದರೆ, ನಾನು ಬಾಯಿ ತೆರೆಯುವ ಮೊದಲು ಕನ್ನಡಕ ಹಾಕಿಕೊಂಡು ಆ ವರ್ಷದ ಪುಸ್ತಕವನ್ನು ತೆರೆಯುತ್ತೇನೆ.